ಮುಟ್ಟಾಳೆಗೂ ಐನೂರು, ಅಣುವಿಗೂ ಐನೂರು

ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಭಾವನಿಗೆ ಮೊನ್ನೆ ಸರಕಾರದ ಕಾಗದ ಬಂತು. ಇಡೀ ಕಾಗದ ಮಲಯಾಳದಲ್ಲಿ. ಭಾವನಿಗೆ ಅರ್ಥವಾದದ್ದು ಎರಡೇ: ಒಂದು ಫೋಟೊ, ಇನ್ನೊಂದು 500 ಎಂಬ ಅಂಕೆ. ಫೋಟೊದಲ್ಲಿ ಹಳೇ ಸ್ಕೂಟರ್, ಕಾಲಿನ ನಡುವೆ ಹಿಂಡಿಯ ಗೋಣಿ, ತಲೆಯ ಮೇಲೆ ಮುಟ್ಟಾಳೆ. ಕಂಬದ ಮೇಲಿನ ಎಐ ಕ್ಯಾಮೆರಾ ಅಡಿಕೆ ಹಾಳೆಯ ಟೊಪ್ಪಿಯನ್ನು ಹೆಲ್ಮೆಟ್ ಎಂದು ಒಪ್ಪಿರಲಿಲ್ಲ.

"ಮಂಡೆ ಮುಚ್ಚಿದೆಯಲ್ಲ ಭಾವ, ಇನ್ನೆಂತ ಬೇಕಂತೆ ಇವರಿಗೆ?"

ನಾನು ಸಮಾಧಾನ ಹೇಳಿದೆ. "ಬೇಜಾರು ಮಾಡಬೇಡಿ. 1962ರ ಅಣುಶಕ್ತಿ ಕಾಯಿದೆಯಡಿ ಮಾಡಿದ ನಿಯಮ ಮುರಿದರೂ ದಂಡ ಹೆಚ್ಚೆಂದರೆ ಐನೂರೇ ಇತ್ತು. ದಂಡ ಇಷ್ಟು ಕಡಿಮೆಯಾದರೆ ಯಾರು ಹೆದರುತ್ತಾರೆ ಅಂತ 2012ರಲ್ಲಿ ಸರಕಾರದ ಲೆಕ್ಕ ತನಿಖೆ ಮಾಡುವ ಸಿಎಜಿಯವರೇ ಬರೆದಿದ್ದಾರೆ."

ಭಾವನ ಮುಖ ಅರಳಿತು. ತಾನೂ ರಿಯಾಕ್ಟರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗಾಯಿತು ಅವರಿಗೆ. ಆದರೆ ಅಡಿಕೆ ವ್ಯಾಪಾರ ಮಾಡಿದ ತಲೆ ಅಲ್ಲವೇ, ಅಲ್ಲಿಗೆ ಬಿಡಲಿಲ್ಲ. "ಅವರ ಫೋಟೊ ಹೊಡೆಯುವುದು ಯಾರು?"

ಅದನ್ನು ವಿವರಿಸಲು ನಾನು ಕೂಡುಕುಟುಂಬವನ್ನೇ ಎಳೆದು ತರಬೇಕಾಯಿತು. ಅಣುಶಕ್ತಿ ಇಲಾಖೆ ಅಂದರೆ ಮನೆಯ ಯಜಮಾನರು. ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಅವರ ಹಿರಿಮಗ. ಹಿರಿಮಗನ ತಪ್ಪು ಹಿಡಿಯಲು 1983ರ ನವೆಂಬರ್ 15ರಂದು ಸರಕಾರಿ ಆದೇಶದ ಮೇಲೆ ಹುಟ್ಟಿದ್ದು ಅಣುಶಕ್ತಿ ನಿಯಂತ್ರಣ ಮಂಡಳಿ. ಮಂಡಳಿ ವರದಿ ಒಪ್ಪಿಸಬೇಕಾಗಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರು ಯಾರು? ಇಲಾಖೆಯ ಕಾರ್ಯದರ್ಶಿಗಳೇ. ಯಜಮಾನರು ಜಗಲಿಯಲ್ಲಿ ಕೂತಾಗ ಇಲಾಖೆ, ಒಳಗೆ ಹೋಗಿ ಶಾಲು ಬದಲಿಸಿ ಬಂದರೆ ಆಯೋಗ. ಬೇಲಿ ಎದ್ದು ಹೊಲ ಮೇಯುವ ಕತೆ ಇದಲ್ಲ. ಇಲ್ಲಿ ಬೇಲಿಗೆ ಸಂಬಳ ಕೊಡುವುದೇ ಹೋರಿ.

"ಅಂದರೆ ಕ್ಯಾಮೆರಾ ನನ್ನದೇ ಅಂಗಳದಲ್ಲಿ, ಕರೆಂಟು ನನ್ನದೇ, ಫೋಟೊ ಮೊದಲು ತೋರಿಸಬೇಕಾದ್ದೂ ನನಗೇ?"

"ಸುಮಾರು ಹಾಗೆಯೇ."

ಇಷ್ಟಕ್ಕೂ ಮಂಡಳಿಯ ಕೈಗೆ ಕೆಲಸ ಕಡಿಮೆ ಇರಲಿಲ್ಲ. ದೇಶದ ಎಕ್ಸ್‌ರೇ ಯಂತ್ರಗಳೂ ಅದರ ಪಾಲಿಗೇ ಬರುತ್ತವೆ. ಸಿಎಜಿ ಎಣಿಸಿದಾಗ 57,443ರಲ್ಲಿ ನೋಂದಣಿಯಾಗಿದ್ದದ್ದು 5,270. ಉಳಿದ 52,173 ಯಂತ್ರಗಳು ನಮ್ಮೆಲ್ಲರ ಮೂಳೆ ನೋಡುತ್ತಿದ್ದವು, ಅವನ್ನು ನೋಡುವವರು ಇರಲಿಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ವರ್ಷಗಟ್ಟಲೆ ಮೂಲೆಯಲ್ಲಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಯಂತ್ರವನ್ನು ಏಲಂ ಹಾಕಿತು. ಅದು ಮಾಯಾಪುರಿಯ ಗುಜರಿಗೆ ಹೋಯಿತು. ಅಲ್ಲಿ ಒಡೆದು ನೋಡಿದವರು ಕಾಯಿಲೆ ಬಿದ್ದರು, ಒಬ್ಬರು ತೀರಿಹೋದರು. ನಮ್ಮೂರಿನ ಗುಜರಿಯವನು ತುಕ್ಕು ಹಿಡಿದ ಪಂಪ್‌ಸೆಟ್ಟನ್ನೂ ಮೂರು ಸಲ ತಿರುಗಿಸಿ ನೋಡದೆ ತಕ್ಕಡಿಗೆ ಹಾಕುವುದಿಲ್ಲ.

ವಿಕಿರಣ ಸುರಕ್ಷತೆಗೆ ರಾಜ್ಯಕ್ಕೊಂದು ನಿರ್ದೇಶನಾಲಯ ಮಾಡಿ ಎಂಬ ಮಾತು 2001ರದು. ಹತ್ತು ವರ್ಷ ಕಳೆದು ಸಿಎಜಿ ನೋಡಿದಾಗ ಮಾಡಿದ್ದವು ಎರಡೇ: ಮಿಜೋರಾಂ ಮತ್ತು ನಮ್ಮ ಕೇರಳ. ಕೇರಳವನ್ನು ಹೊಗಳುವ ಅವಕಾಶ ಕಾಸರಗೋಡಿನ ಕನ್ನಡಿಗನಿಗೆ ಸಿಗುವುದೇ ಅಪರೂಪ, ಬಳಸಿಕೊಂಡಿದ್ದೇನೆ.

ಈಗ ಅಣುವೇ ನಮ್ಮ ಜಿಲ್ಲೆಗೆ ಹೆಣ್ಣು ನೋಡಲು ಬರುವ ಮಾತಿದೆ. ಜಾಗ ಕೊಟ್ಟರೆ ಚೀಮೇನಿಯಲ್ಲಿ ಸ್ಥಾವರ ಮಾಡಬಹುದು ಅಂತ 2024ರ ಡಿಸೆಂಬರಿನಲ್ಲಿ ಕೇಂದ್ರದ ಮಂತ್ರಿಗಳೇ ಹೇಳಿ ಹೋದರು. ಚೀಮೇನಿ ಇರುವುದು ಚಂದ್ರಗಿರಿ ಹೊಳೆಯ ತೆಂಕು ಬದಿ, ನಾವು ಬಡಗು ಬದಿ. ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಬರೆದದ್ದನ್ನು ದಿಲ್ಲಿ ಓದಲಿಲ್ಲ, ವಿಕಿರಣವಾದರೂ ಓದೀತೆಂಬ ನಂಬಿಕೆ ನನಗಿಲ್ಲ. ಎಚ್ಚರಿಕೆಯ ಬೋರ್ಡು ಯಾವ ಭಾಷೆಯಲ್ಲಿರುತ್ತದೆ ಅಂತ ಕೇಳಬೇಡಿ, ಭಾವನ ಕಾಗದ ನೋಡಿ.

"ಸುರಕ್ಷಿತ" ಎಂಬ ಪದದ ಪರಿಚಯ ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಹೊಸದಾಗಿ ಮಾಡಿಕೊಡುವುದು ಬೇಡ. ಇಪ್ಪತ್ತಕ್ಕೂ ಹೆಚ್ಚು ವರ್ಷ ಗೇರು ತೋಟದ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಗೇರು ತೋಟ ಸರಕಾರಿ ನಿಗಮದ್ದು, ಅಪಾಯ ಇಲ್ಲ ಎಂಬ ಭರವಸೆಯೂ ಸರಕಾರದ್ದೇ. ನೀರಿನ ಮೂಲ ಮುಚ್ಚಿಕೊಳ್ಳಬೇಕಿತ್ತಂತೆ. ಗುಡ್ಡದ ಹೊಟ್ಟೆಯೊಳಗಿಂದ ಹರಿದು ಬರುವ ಸುರಂಗದ ನೀರಿಗೆ ಯಾವ ಅಳತೆಯ ಮುಚ್ಚಳ ಎಂದು ಯಾರೂ ಹೇಳಲಿಲ್ಲ. ಇದೇ ಪಂಚಾಯತಿನ ಪಡ್ರೆಯ ನರಳುವ ಮಕ್ಕಳ ಫೋಟೊ ದೇಶವೆಲ್ಲ ಸುತ್ತಿ, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಆ ಫೋಟೊಗಳನ್ನು ಕಂಬದ ಕ್ಯಾಮೆರಾ ಹೊಡೆದದ್ದಲ್ಲ.

ಕಾನೂನು ಸುಮ್ಮನೆ ಕೂತಿಲ್ಲ ಎಂದೂ ಹೇಳಬೇಕು. ಅಣು ಸುರಕ್ಷತೆಗೆ ಸ್ವತಂತ್ರ ಪ್ರಾಧಿಕಾರದ ಮಸೂದೆ 2011ರಲ್ಲಿ ಲೋಕಸಭೆಗೆ ಬಂದು, ಸಭೆಯ ಅವಧಿ ಮುಗಿದಾಗ ತಾನೂ ಮುಗಿಯಿತು. 2025ರ ಡಿಸೆಂಬರಿನಲ್ಲಿ 'ಶಾಂತಿ' ಎಂಬ ಹೆಸರಿನ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಮಂಡಳಿಗೆ ಕೊನೆಗೂ ಶಾಸನದ ಆಸನ. ಹುಟ್ಟಿ 42 ವರ್ಷಕ್ಕೆ ನಾಮಕರಣ.

"ನನ್ನ ಕಾಗದ ಎಂಟೇ ದಿನದಲ್ಲಿ ಬಂತು" ಎಂದರು ಭಾವ.

ಆ ಸಂಜೆಯೇ ಅವರು ಸ್ಕೂಟರ್ ಸುರಕ್ಷತಾ ಮಂಡಳಿ ರಚಿಸಿದರು. ಅಧ್ಯಕ್ಷರು ಭಾವ, ವರದಿ ಸ್ವೀಕರಿಸುವ ಆಯೋಗವೂ ಭಾವ, ಸದಸ್ಯ ಅವರ ತಮ್ಮ. ಮೊದಲ ಸಭೆಯಲ್ಲೇ ಎಲ್ಲವೂ ತೃಪ್ತಿಕರ ಎಂಬ ನಿರ್ಣಯ ಆಯಿತು. ಗೋಳಿಬಜೆ ತಂದಿಟ್ಟ ಅಕ್ಕ ಒಂದೇ ಮಾತು ಕೇಳಿದಳು. "ಬ್ರೇಕು ಹಿಡಿಯುತ್ತದಾ?"

ಭಾವ ನನ್ನ ಕಡೆ ತಿರುಗಿದರು. "ಮಾಹಿತಿ ಕೊಡಬಾರದು ಅಂತ ಆ ಹಳೇ ಅಣುಶಕ್ತಿ ಕಾಯಿದೆಯಲ್ಲಿ ಯಾವುದೋ ಕಲಂ ಇತ್ತು ಅಂದಿದ್ದಿರಲ್ಲ ಭಾವ, ಎಷ್ಟನೆಯದ್ದು?"

"ಹದಿನೆಂಟು."

"ಹಾಂ, ಹದಿನೆಂಟು," ಎಂದು ಅಕ್ಕನಿಗೆ ಹೇಳಿ ಗೋಳಿಬಜೆಗೆ ಕೈ ಹಾಕಿದರು.