ಕ್ಯಾಸಿನೊ ಗಾಳಿಗೆ ಆಮ್ಲಜನಕ ಬೆರೆಸುತ್ತಾರಾ?

ಆಟಗಾರರಿಗೆ ನಿದ್ದೆ ಬಾರದಿರಲಿ ಎಂದು ಕ್ಯಾಸಿನೊಗಳು ಒಳಗೆ ಆಮ್ಲಜನಕ ಬಿಡುತ್ತವೆ ಎಂಬ ಮೆಸೇಜ್ ಆಗಾಗ ಬರುತ್ತಿರುತ್ತದೆ. ಅದು ನಿಜವಲ್ಲ. ಗಾಳಿಯಲ್ಲಿ ಆಮ್ಲಜನಕ ಇರುವುದೇ ಸುಮಾರು 21%. ಅದು ಜಾಸ್ತಿಯಾದರೆ ಸಣ್ಣ ಕಿಡಿಯೂ ಬೇಗ ದೊಡ್ಡ ಬೆಂಕಿಯಾಗುತ್ತದೆ. ಜನ ತುಂಬಿದ ಕಟ್ಟಡದಲ್ಲಿ ಅಂಥ ಅಪಾಯ ಯಾರಿಗೆ ಬೇಕು?

ಇಂಥದ್ದು ಬಂದಾಗ ಯಾವ ಕ್ಯಾಸಿನೊ, ಯಾವಾಗ, ಅಳೆದವರು ಯಾರು ಎಂದು ಹುಡುಕಿ. ಉತ್ತರ ಸಿಗದಿದ್ದರೆ ಅಲ್ಲೇ ಬಿಡಿ. ನಂಬಿದವರದ್ದು ತಪ್ಪೇನಲ್ಲ, ಕೇಳೋಕೆ ಸರಿ ಅನಿಸುತ್ತೆ ಅಲ್ವಾ?

ನಿಜವಾದ ಸೆಳೆತ ಬೇರೆ, ಅದೇ ನನಗೆ ಚಿಂತೆ. ಸ್ವಲ್ಪದರಲ್ಲೇ ತಪ್ಪಿತು ಅನಿಸುವ ಸೋಲು, ಆಡಿದಷ್ಟೂ ಪಾಯಿಂಟ್ ಕೊಡುವ ಕಾರ್ಡ್. ಲೆಕ್ಕವೂ ಅವರ ಪರವೇ. ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಯ ಮನೆಗೆ ಬೀಳುತ್ತದೆ ಎಂದು ಪಣ ಕಟ್ಟುವ ಆಟ ರೂಲೆಟ್. ಒಂದೇ ಸೊನ್ನೆಯ ರೂಲೆಟ್‌ನ 37 ಮನೆಗಳಿಗೂ ಒಂದೊಂದು ಚಿಪ್ (ಹಣದ ಬದಲು ಇಡುವ ಬಿಲ್ಲೆ) ಇಡಿ, ಕೈಗೆ ಬರುವುದು 36.