ಹಿಟ್ಟಿನ ಡಬ್ಬಿಯೊಳಗಿನ ಕಡ್ಡಿಪೆಟ್ಟಿಗೆ

ನಮ್ಮವ್ವ ಕಡ್ಡಿಪೆಟ್ಟಿಗೆಯನ್ನು ಒಲೆ ಹತ್ತಿರ ಇಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಂಟು ಹಾಕಿ, ಜೋಳದ ಹಿಟ್ಟಿನ ಡಬ್ಬಿಯೊಳಗೆ ಇಡುತ್ತಾಳೆ. ಮನೆಯಲ್ಲಿ ಗ್ಯಾಸ್ ಇದೆ, ಲೈಟರ್ ಇದೆ. ಆದರೂ ಮಲಗುವ ಮುಂಚೆ ಡಬ್ಬಿ ತೆರೆದು, ಗಂಟು ಮುಟ್ಟಿ ನೋಡಿ, ಮುಚ್ಚುತ್ತಾಳೆ. ಮೊನ್ನೆ ಊರಿಗೆ ಹೋದಾಗ ನನ್ನ ಮಗಳು ಕೇಳಿದಳು, "ಆಯಿ, ಇದು ಇಲ್ಲಿ ಯಾಕ ಇಟ್ಟಿ?" ಅವ್ವ ಹೇಳಿದ್ದು ಇಷ್ಟೇ: "ಒಣಾ ಇರಲಿ ಅಂತ, ಕೂಸೇ."

ಊರಿಗೆ ಹೊಳೆ ನುಗ್ಗಿದ ಹೊತ್ತಿನಲ್ಲಿ ಮಗಳು ತೀರಾ ಚಿಕ್ಕವಳು, ಅವಳಿಗೆ ಏನೂ ನೆನಪಿಲ್ಲ. ವಾಪಸ್ ಕಲಬುರಗಿಗೆ ಬರುವಾಗ ಬಸ್ಸಿನಲ್ಲಿ ಪೂರ್ತಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಇಲ್ಲೂ ಬರೆಯಬೇಕು ಅನಿಸಿತು.

ನಮ್ಮದು ಅಫಜಲಪುರ ತಾಲೂಕು, ಭೀಮಾ ದಂಡೆಯ ಊರು. 2020 ಮೊದಲಿಂದಲೇ ಕೆಟ್ಟ ವರ್ಷ. ದೇಶದ ಮೊದಲ ಕೊರೋನಾ ಸಾವು ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಗಿತ್ತು. ಪುಣೆ, ಮುಂಬೈಗೆ ದುಡಿಯಲು ಹೋದವರು ಗಂಟುಮೂಟೆ ಕಟ್ಟಿಕೊಂಡು ಬಂದಿದ್ದರು, ನಮ್ಮಣ್ಣನೂ ಬಂದಿದ್ದ. ನಾನೂ ಅಂಗಡಿ ಕೆಲಸ ಕಳೆದುಕೊಂಡು ಊರಲ್ಲೇ ಇದ್ದೆ. ಎಲ್ಲರ ಕಣ್ಣು ತೊಗರಿ ಮೇಲೆ. ಹಿಂದಿನ ವರ್ಷವಷ್ಟೇ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತ್ತು. ಹೊಲ ತುಂಬ ಹಳದಿ ಹೂ. ಈ ಸಲ ತೊಗರಿ ಕೈ ಹಿಡಿಯುತ್ತದೆ ಅಂತ ಅಪ್ಪ ದಿನಾ ಹೇಳುತ್ತಿದ್ದ.

ಅಕ್ಟೋಬರ್ ಎರಡನೇ ವಾರ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು, ಆಂಧ್ರ, ತೆಲಂಗಾಣ ದಾಟಿ ಬಂದ ಮಳೆ ನಮ್ಮ ಮೇಲೆ ಸುರಿಯಿತು. ಅದರ ಹಿಂದೆಯೇ ಮೇಲಿನಿಂದ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರು. ಸೊನ್ನ ಬ್ಯಾರೇಜಿನಿಂದ ಕೆಳಗೆ ಹೊಳೆಗೆ ದಂಡೆಯೇ ಇಲ್ಲದ ಹಾಗಾಯಿತು. "ಹೊಳಿ ಬರ್ಲಾಕತ್ತದ, ಏಳ್ರಿ" ಅಂತ ಓಣಿ ಓಣಿಯಲ್ಲಿ ಕೂಗಿದರು. ದನಗಳ ಹಗ್ಗ ಬಿಚ್ಚಿದೆವು. ನಾನು ಕಾಗದಪತ್ರ ಹಿಡಿದುಕೊಂಡೆ, ಅಣ್ಣ ಎರಡು ಕೌದಿ. ಅವ್ವ ಹಿಟ್ಟಿನ ಡಬ್ಬಿ ಬಿಡಲಿಲ್ಲ. ಅಪ್ಪ ಬೈದುಕೊಂಡೇ ಅದನ್ನು ತಲೆ ಮೇಲೆ ಹೊತ್ತ.

ಎತ್ತರದಲ್ಲಿದ್ದ ಶಾಲೆಯಲ್ಲಿ ಕಾಳಜಿ ಕೇಂದ್ರ ಮಾಡಿದ್ದರು. ಕೊರೋನಾದಿಂದ ಶಾಲೆ ಹೇಗೂ ಮುಚ್ಚಿತ್ತಲ್ಲ. ಆರು ದಿನ ಅಲ್ಲಿದ್ದೆವು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಸಾರು. ಬಡಿಸಿದವರನ್ನು ದೂರುವುದಿಲ್ಲ, ಅಷ್ಟು ಮಂದಿಗೆ ರೊಟ್ಟಿ ಬಡಿಯೋದು ಆಗದ ಮಾತು. ಆದರೆ ನಮ್ಮ ಕಡೆಯವರಿಗೆ ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ. ಮೂರನೇ ದಿನ ಒಬ್ಬ ಮುತ್ಯಾ ತಾಟು ಹಿಡಿದು ನಿಂತವನು ಅನ್ನ ಹಾಕಿಸಿಕೊಳ್ಳಲಿಲ್ಲ. "ಯಪ್ಪಾ, ಒಂದ್ ತುಕಡಿ ರೊಟ್ಟಿ ಇದ್ರ ನೋಡ್ರಿ" ಅಂದ. ಬಡಿಸುವ ಹುಡುಗ ಸೌಟು ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟ. ಆ ಮುತ್ಯಾನ ಮನೆಯಲ್ಲಿ ಹತ್ತು ಚೀಲ ಜೋಳ ಇತ್ತು, ನೀರಿನ ಕೆಳಗೆ.

ಏಳನೇ ದಿನ ಮನೆಗೆ ಬಂದೆವು. ಬಾಗಿಲು ತೆಗೆಯಲು ಮೊದಲು ಸಲಿಕೆ ಹಾಕಬೇಕಾಯಿತು. ಒಳಗೆಲ್ಲ ಮೊಣಕಾಲುದ್ದ ರಾಡಿ. ಎರಿ ಮಣ್ಣಿನ ರಾಡಿ ಹೇಗೆ ಅಂಟುತ್ತದೆ ಅಂತ ಹೊಲ ಮಾಡಿದವರಿಗೆ ಗೊತ್ತು. ಜೋಳದ ಚೀಲ ಉಬ್ಬಿ, ಹೊಲಿಗೆ ಬಿಚ್ಚಿ, ಬಿಳಿ ಮೊಳಕೆ ಹೊರಗೆ ಬಂದಿತ್ತು. ಹುಳಿ ವಾಸನೆ. ಅವ್ವ ಅಳಲಿಲ್ಲ. ಎರಡು ದಿನ ರಾಡಿ ಎತ್ತಿ ಎತ್ತಿ ಹಾಕಿ, ಶಹಾಬಾದ್ ಫರಸಿ ಮತ್ತೆ ಕಾಣುವವರೆಗೂ ತೊಳೆದಳು.

ಆಮೇಲೆ ಗೋಡೆಯ ಮಾಡದಲ್ಲಿದ್ದ ಕಡ್ಡಿಪೆಟ್ಟಿಗೆ ತೆಗೆದಳು. ಮೂರು ಇದ್ದವು. ಒಂದೊಂದೇ ಕಡ್ಡಿ ಗೀರಿದಳು. ತುದಿಯ ಮದ್ದು ಕೆಂಪು ಹಿಟ್ಟಿನಂತೆ ಬೆರಳಿಗೆ ಮೆತ್ತಿಕೊಂಡಿತು. ಮೂರೂ ಪೆಟ್ಟಿಗೆ ಖಾಲಿ ಮಾಡಿದಳು. ಕೊನೆಯ ಕಡ್ಡಿಯೂ ಮುರಿದ ಮೇಲೆ ಫರಸಿ ಮೇಲೆ ಕೂತು ಅತ್ತಳು. ಮನೆ ಹೋದಾಗ, ಜೋಳ ಹೋದಾಗ ಬಾರದ ಅಳು ಅದಕ್ಕೆ ಬಂತು.

ಆಗ ಮೇಲಿನ ಓಣಿಯಿಂದ ಚಾಚಿ ಬಂದಳು. ತಲೆ ಮೇಲೆ ಒಣ ತೊಗರಿಕಟ್ಟಿಗೆಯ ಹೊರೆ, ಸೆರಗಿನ ಗಂಟಿನಲ್ಲಿ ಕಡ್ಡಿಪೆಟ್ಟಿಗೆ. ಅವರ ಮನೆಯೊಳಗೆ ನೀರು ಬಂದಿರಲಿಲ್ಲ, ಆದರೆ ಅವರ ಹತ್ತಿರ ಇದ್ದ ಒಣ ಕಟ್ಟಿಗೆ ಅಷ್ಟೇ. ಊರಲ್ಲಿ ಉಳಿದದ್ದೆಲ್ಲ ಹಸಿ. "ಮೊದ್ಲ ಒಲಿ ಹೊತ್ತಸವಾ, ಆಮ್ಯಾಲ ಅಳ್ಳಾಕ ಬರ್ತದ" ಅಂದಳು. ಅವಳೇ ಕೂತು ಊದಿದಳು.

ಡಬ್ಬಿಯ ಹಿಟ್ಟು ನೆನೆಯದೆ ಒಣದೇ ಇತ್ತಲ್ಲ. ಅವ್ವ ರೊಟ್ಟಿ ಬಡಿಯಲು ಶುರು ಮಾಡಿದಳು. ಟಪ್ ಟಪ್ ಟಪ್. ಆ ಸಪ್ಪಳ ನಾನು ಹುಟ್ಟಿದಾಗಿನಿಂದ ಕೇಳಿದ್ದೇ. ಅವತ್ತು ಅಣ್ಣ ಸಲಿಕೆ ಇಟ್ಟು ಬಂದು ಬಾಗಿಲಲ್ಲಿ ನಿಂತ. ಪಕ್ಕದ ಮನೆಯವರು ಇಣುಕಿದರು. ಒಲೆ ಸರಿಯಾಗಿ ಉರಿಯದೆ ಮೊದಲ ರೊಟ್ಟಿ ಒಂದು ಕಡೆ ಹೊತ್ತಿತ್ತು. ಅವ್ವ ಅಪ್ಪನ ತಾಟಿಗೆ ಹಾಕಿದಳು. ನಮ್ಮಪ್ಪ ರೊಟ್ಟಿ ಸ್ವಲ್ಪ ದಪ್ಪ ಆದರೂ ಸರಿಸುತ್ತಿದ್ದ ಮನುಷ್ಯ. ಅವತ್ತೂ ತಾಟು ಸರಿಸಿದ, ಅವ್ವನ ಕಡೆ. "ಮೊದಲ ನೀ ತಿನ್ನು" ಅಂದ. ಎಲ್ಲರದೂ ಆದ ಮೇಲೆ ಉಂಡು ರೂಢಿಯಾಗಿದ್ದ ಅವ್ವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮೇಲೆ ಹಚ್ಚಲು ಹಿಂಡಿ ಇಲ್ಲ, ಪುಂಡಿಪಲ್ಯ ಇಲ್ಲ. ಉಪ್ಪು ಸವರಿಕೊಂಡು ತಿಂದಳು. ಈಗಲೂ ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಅವಳದೇ.

ಇದನ್ನು ಕೇಳಿದವರು ಒಂದು ಮಾತು ಹೇಳುತ್ತಾರೆ. "ನೋಡ್ರಿ, ಕಷ್ಟ ಬಂದಿದ್ದಕ್ಕೇ ನಿಮಗೆ ಬೆಲೆ ಗೊತ್ತಾಯ್ತು." ಆ ಮಾತು ನನಗೆ ನೋವು ಕೊಡುತ್ತದೆ. ಒಣ ಕೌದಿ, ಒಂದು ಬಿಸಿ ರೊಟ್ಟಿ, ರಾತ್ರಿ ಬಾಗಿಲು ಹಾಕಿಕೊಂಡು ಮಲಗುವುದು, ಇವು ಎಷ್ಟು ದೊಡ್ಡವು ಅಂತ ನನಗೆ ಗೊತ್ತಾಗಿದ್ದು ಖರೆ. ಆದರೆ ಅದನ್ನು ಹೊಳೆ ಕಲಿಸಲಿಲ್ಲ. ಹೊಳೆ ಬರೀ ಒಯ್ದಿತು. ಕಲಿಸಿದ್ದು ಚಾಚಿಯ ಹೊರೆ, ಅಪ್ಪನ ತಾಟು.

ನಮ್ಮ ಹಿಂದಿನ ಓಣಿಯ ಒಂದು ಮನೆ ಪೂರ್ತಿ ಬಿತ್ತು. ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಎರಡು ಸಲ ಅರ್ಜಿ ಕೊಟ್ಟು, ಓಡಾಡಿ ಸಾಕಾಗಿ, ಮಕ್ಕಳನ್ನು ಕರೆದುಕೊಂಡು ಪುಣೆಗೆ ಹೋದರು. ಅಲ್ಲಿ ಗೌಂಡಿ ಕೆಲಸ. ಅವರಿಗೂ ಬಂದಿದ್ದು ಅದೇ ನೀರು. ಅವರಿಗೆ ಬದುಕಿನ ಸವಿ ಹೆಚ್ಚಾಯಿತು ಅಂತ ಯಾವ ಬಾಯಿಂದ ಹೇಳೋಣ? ಬಿಸಿಲು, ಬರ, ನೆರೆ, ಏನೇ ಬಂದರೂ "ಆ ಭಾಗದವರಿಗೆ ರೂಢಿ" ಅನ್ನುತ್ತಾರೆ. ರೂಢಿ ಆಗುವುದಿಲ್ಲ. ಬೇಸಿಗೆಯಲ್ಲಿ 43 ಡಿಗ್ರಿ ಆದಾಗ ನಮ್ಮ ಗಂಟಲೂ ಒಣಗುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಸವಿ ತಾನಾಗಿ ಉಳಿಯುವುದೂ ಇಲ್ಲ. ವರ್ಷ ಕಳೆಯುವುದರೊಳಗೆ ನಾನು ರೊಟ್ಟಿ ಆರಿದೆ ಅಂತ ಹೆಂಡತಿ ಮೇಲೆ ಸಿಡುಕಿದ್ದೆ. ಅವಳು ಏನೂ ಅನ್ನಲಿಲ್ಲ, ನನಗೇ ಆ ಶಾಲೆಯ ಮುತ್ಯಾ ನೆನಪಾದ. ಅವ್ವ ದಿನಾ ರಾತ್ರಿ ಆ ಗಂಟು ಯಾಕೆ ಮುಟ್ಟುತ್ತಾಳೆ ಅಂತ ಆಗ ಸ್ವಲ್ಪ ತಿಳಿಯಿತು. ಹೆದರಿಕೆಗೆ ಅಷ್ಟೇ ಅಲ್ಲ.

ಪ್ರತಿ ವರ್ಷ ತೊಗರಿ ರಾಶಿ ಆದ ಮೇಲೆ ಅಪ್ಪ ಮೊದಲ ಹೊರೆ ಕಟ್ಟಿಗೆ ಕಟ್ಟಿ ಮೇಲಿನ ಓಣಿಗೆ ಒಯ್ಯುತ್ತಾನೆ. ಚಾಚಿಯ ಮನೆಯಲ್ಲೂ ಈಗ ಗ್ಯಾಸ್ ಇದೆ. ಆದರೂ ಅವಳು ಎದ್ದು ಬಂದು ಹೊರೆಗೆ ಕೈ ಕೊಟ್ಟು ಇಳಿಸಿ, ಗೋಡೆಗೆ ಒರಗಿಸುತ್ತಾಳೆ. "ಕೂಡ್ರು ಅಣ್ಣಾ, ಚಹಾ ಇಡ್ತೀನಿ" ಅಂತ ಒಳಗೆ ಹೋಗುತ್ತಾಳೆ. ಈ ಸಲ ಮಗಳೂ ತನ್ನ ಮುತ್ಯಾನ ಜೊತೆ ಹೋಗಬೇಕಂತೆ, ಅವಳಿಗೊಂದು ಚಿಕ್ಕ ಹೊರೆ ಬೇರೆ ಕಟ್ಟಬೇಕಂತೆ.