ಒರೆಸಿದಷ್ಟೂ ಗೀರು

ಷೋರೂಮಿನ ಕಪ್ಪು ಕಾರಿನ ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿಕೊಂಡು ಮರುಳಾಗದವರು ಅಪರೂಪ. ಕೆಲವೇ ತಿಂಗಳಲ್ಲಿ ಆ ಮುಖದ ಮೇಲೆ ಜೇಡರ ಬಲೆ ಹರಡಿಕೊಳ್ಳುತ್ತದೆ ಎಂಬ ಸಂಗತಿಯನ್ನು ಮಾರುವವನು ಬಾಯಿಬಿಟ್ಟು ಹೇಳುವುದಿಲ್ಲ. ಬಿಳಿ ಕಾರು ಗೀರುಗಳನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತದೆ. ಕಪ್ಪು ಕಾರಿಗೆ ಆ ದಾಕ್ಷಿಣ್ಯವಿಲ್ಲ. 1914ರಿಂದ 1925ರವರೆಗೆ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ತಯಾರಿಸುತ್ತಿತ್ತು. ಅದನ್ನು ಕೊಂಡವರಿಗೆ ಬೇರೆ ದಾರಿಯಿರಲಿಲ್ಲ, ಪಾಪ. ಹತ್ತಾರು ಬಣ್ಣಗಳು ಕಣ್ಣೆದುರಿಗಿದ್ದೂ ಕಪ್ಪನ್ನೇ ಆರಿಸಿಕೊಂಡ ನಮಗೆ ಯಾವ ನೆಪವೂ ಇಲ್ಲ.

ಕಪ್ಪು ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಮೇಲಿನ ನುಣುಪಾದ ಪಾರದರ್ಶಕ ಪದರ ಮಾತ್ರ ಒಂದಿಷ್ಟು ಬೆಳಕನ್ನು ಒಂದೇ ದಿಕ್ಕಿಗೆ ಹಿಂತಿರುಗಿಸುತ್ತದೆ. ನಾವು ಮೆಚ್ಚುವ ಹೊಳಪು ಅದೇ. ಆ ಪದರದಲ್ಲಿ ಒಂದು ಗೀರು ಬಿದ್ದರೆ ಅದರ ಅಂಚುಗಳು ಬೆಳಕನ್ನು ಕಂಡಕಂಡ ಕಡೆಗೆ ಚೆಲ್ಲುತ್ತವೆ. ಹಿಂದೆ ಕತ್ತಲೆ, ಮುಂದೆ ಬೆಳ್ಳಗಿನ ಗೆರೆ. ಬಿಳಿ ಕಾರಿನಲ್ಲೂ ಅಷ್ಟೇ ಗೀರುಗಳಿರುತ್ತವೆ, ಆದರೆ ಬಣ್ಣವೇ ಅಷ್ಟು ಬೆಳಕು ಚೆಲ್ಲುತ್ತಿರುವಾಗ ಗೀರಿನ ಪುಡಿಬೆಳಕನ್ನು ಕೇಳುವವರಿಲ್ಲ.

ಬಿಸಿಲಿನಲ್ಲಿ ಸೂರ್ಯನ ಪ್ರತಿಬಿಂಬದ ಸುತ್ತ ಬಳೆಬಳೆಯಾಗಿ ಕಾಣುವ ಗೆರೆಗಳನ್ನು ನೋಡಿ, ಕಾರು ತೊಳೆದವನು ಸುತ್ತುಸುತ್ತಾಗಿ ಉಜ್ಜಿದ್ದಾನೆ ಎಂದು ಬೈಯುವವರಿದ್ದಾರೆ. ತುಸು ಪಕ್ಕಕ್ಕೆ ಸರಿದು ನೋಡಿದರೆ ಬಳೆಗಳೂ ನಮ್ಮ ಜೊತೆಯಲ್ಲೇ ಸರಿಯುತ್ತವೆ. ವಾಸ್ತವವಾಗಿ ಗೀರುಗಳು ಎಲ್ಲ ದಿಕ್ಕಿಗೂ ಹರಡಿಕೊಂಡಿರುತ್ತವೆ. ಬೆಳಕಿಗೆ ಅಡ್ಡವಾಗಿ ಮಲಗಿದವು ಮಾತ್ರ ನಮ್ಮ ಕಣ್ಣಿಗೆ ಹೊಳೆಯುವುದರಿಂದ ಅವು ಸುತ್ತು ಕಟ್ಟಿದಂತೆ ತೋರುತ್ತದೆ. ತೊಳೆದವನ ಕೈ ಸುತ್ತಿತೋ ಇಲ್ಲವೋ, ಒರಟು ಬಟ್ಟೆ ಹಿಡಿದಿತ್ತು ಎಂಬುದಂತೂ ನಿಜ.

ಹಾಗೆ ನೋಡಿದರೆ ಕಾರಿನ ಮೈಮೇಲಿನ ಸಣ್ಣ ಗೀರುಗಳಲ್ಲಿ ಹೆಚ್ಚಿನವು ಶತ್ರುಗಳ ಕೆಲಸವಲ್ಲ, ಅಕ್ಕರೆಯ ಕೆಲಸ. ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಬೆಣಚು 7ರಷ್ಟು ಗಟ್ಟಿ, ಅದರ ಮುಂದೆ ಕಾರಿನ ಮೇಲ್ಪದರ ಬಲು ಮೆದು. ಬೆಳಗೆದ್ದು ಒಣಬಟ್ಟೆಯಿಂದ ಧೂಳು ಕೊಡವುವ ಶಿಸ್ತಿನ ಮನುಷ್ಯ ಆ ಕಣಗಳನ್ನು ಈ ತುದಿಯಿಂದ ಆ ತುದಿಗೆ ಎಳೆದಾಡಿ ದಿನದ ಪೂಜೆ ಮುಗಿಸುತ್ತಾನೆ. ಸೋಮಾರಿಯ ಕಾರು ಕೊಳೆಯಾಗಿರುತ್ತದೆ ನಿಜ, ಆದರೆ ಕೊಳೆಯ ಕೆಳಗೆ ಅದರ ಮೈ ಕ್ಷೇಮವಾಗಿರುವ ಸಂಭವವೇ ಹೆಚ್ಚು. ಯಾರಾದರೂ ಆ ಧೂಳಿನ ಮೇಲೆ ಬೆರಳಿನಿಂದ ‘ನನ್ನನ್ನು ತೊಳೆಯಿರಿ’ ಎಂದು ಬರೆಯುವವರೆಗೆ. ತೊಳೆದ ಮೇಲೂ ಆ ಸಾಹಿತ್ಯ ಅಳಿಯುವುದಿಲ್ಲ.

ಗೀರು ಬಿದ್ದ ಮೇಲೆ ಏನು? ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಬೇಕು. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ, ಪಾಲಿಶ್ ಮಾಡಿ ಪ್ರಯೋಜನವಿಲ್ಲ. ಟಚಪ್ ಬಣ್ಣ ತುಂಬಿ, ಹತ್ತಿರದಿಂದ ನೋಡುವವರನ್ನು ದೂರ ಇಡುವುದೇ ಉಪಾಯ. ಉಗುರಿಗೆ ಸಿಗದೆ, ನೀರು ಸವರಿದೊಡನೆ ಮಾಯವಾಗುವಂಥದ್ದಾದರೆ ಅದನ್ನು ತೆಗೆಯಬಹುದು. ಆದರೆ ತೆಗೆಯುವುದು ಗೀರನ್ನಲ್ಲ, ಇದು ನನಗೆ ಬಲು ವಿಚಿತ್ರವಾಗಿ ತೋರುವ ವಿಷಯ. ಗೀರೆಂಬುದು ಈಗಾಗಲೇ ಹೋದ ಭಾಗ, ಹೋದದ್ದನ್ನು ತೆಗೆಯುವುದು ಹೇಗೆ? ಪಾಲಿಶ್ ಅದರ ಸುತ್ತಲಿರುವುದನ್ನು ಸವೆಸುತ್ತದೆ. ಅಂಗಳದಲ್ಲಿ ಕುಳಿ ಬಿತ್ತೆಂದು ಮಣ್ಣು ತುಂಬದೆ, ಇಡೀ ಅಂಗಳವನ್ನೇ ಕುಳಿಯ ಆಳಕ್ಕೆ ಕೆತ್ತಿದ ಹಾಗೆ. ಆ ಅಂಗಳವಾದರೂ ಎಷ್ಟು ದಪ್ಪ? ಪಾರದರ್ಶಕ ಪದರ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳುವು. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಹಬ್ಬಕ್ಕೊಂದು ಪಾಲಿಶ್ ಮಾಡಿಸುವವರು ಇದನ್ನು ಯೋಚಿಸಬೇಕು. ಟೂತ್‌ಪೇಸ್ಟ್ ಸವರುವ ವೈದ್ಯರೂ ಇದೇ ಸವೆಸುವ ಕೆಲಸವನ್ನೇ, ಇನ್ನಷ್ಟು ಒರಟಾಗಿ ಮಾಡುತ್ತಾರೆ. ವ್ಯಾಕ್ಸ್ ಬಳಿದಾಗ ಗೀರು ಕಾಣದಾಗುವುದು ಅದರೊಳಗೆ ವ್ಯಾಕ್ಸ್ ತುಂಬಿಕೊಳ್ಳುವುದರಿಂದ. ನಾಲ್ಕಾರು ಸಲ ತೊಳೆದರೆ ಗೀರು ಎದ್ದು ಬರುತ್ತದೆ. ಆದರೂ ನನ್ನ ಮತ ವ್ಯಾಕ್ಸಿಗೇ, ಅದು ಸುಳ್ಳು ಹೇಳಿದರೂ ಏನನ್ನೂ ಕಿತ್ತುಕೊಳ್ಳುವುದಿಲ್ಲ.

ಬಾರದಂತೆ ತಡೆಯುವುದು ಸುಲಭ, ಬೇಸರದ ಕೆಲಸ ಅಷ್ಟೇ. ಮೊದಲು ಮುಟ್ಟದೆ ನೀರು ಹಾಯಿಸಿ ಮಣ್ಣು ಇಳಿಸಬೇಕು. ಎರಡು ಬಕೆಟ್ ಬೇಕು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ಬರಬೇಕು, ಏಕೆಂದರೆ ಹೆಚ್ಚು ಮಣ್ಣಿರುವುದು ಕೆಳಗೆ. ನೆಲಕ್ಕೆ ಬಿದ್ದ ಮೈಕ್ರೋಫೈಬರ್ ಬಟ್ಟೆ ಮತ್ತೆ ಕಾರಿಗೆ ತಾಗಕೂಡದು. ತಿರುಗುವ ಕುಂಚಗಳ ಯಂತ್ರದಲ್ಲಿ ತೊಳೆಸಿದರೆ ಹಿಂದಿನ ಕಾರುಗಳ ಮಣ್ಣೂ ನಮ್ಮ ಕಾರಿನ ಪಾಲಿಗೆ ಬರುತ್ತದೆ. ಸೆರಾಮಿಕ್ ಲೇಪನ ಮಾರುವವರು ‘9ಎಚ್ ಗಟ್ಟಿತನ’ ಎಂದು ಹೆದರಿಸುವಷ್ಟು ಗಟ್ಟಿಯಾಗಿ ಹೇಳುತ್ತಾರೆ. ಆ 9ಎಚ್ ಪೆನ್ಸಿಲಿನಿಂದ ಗೀಚಿ ನೋಡುವ ಅಳತೆ, ಮೋಸ್ ಅಳತೆಯಲ್ಲ. ಲೇಪನ ಕೊಳೆ ಅಂಟದಂತೆ ನೋಡಿಕೊಳ್ಳುತ್ತದೆ, ಬೆಣಚಿನ ಕಣವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಶಕ್ತಿ ಒಂದಿಷ್ಟು ಇರುವುದು ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಪಾಲಿಯುರಿಥೇನ್ ಹಾಳೆಗೆ, ಅದರಲ್ಲಿ ಕೆಲವಕ್ಕೆ ಬಿಸಿ ತಾಗಿದರೆ ಸಣ್ಣ ಗೀರು ತಾನೇ ಕೂಡಿಕೊಳ್ಳುವ ಗುಣವೂ ಇದೆ.

ಹೊರಗೆ ಇಷ್ಟೆಲ್ಲ ಕಾಪಾಡಿಕೊಂಡು ಒಳಗೆ ಕುಳಿತರೆ ಗೇರ್ ಸುತ್ತ, ಗುಂಡಿಗಳ ಸುತ್ತ ಅದೇ ಹೊಳೆಯುವ ಕಪ್ಪು ಪ್ಲಾಸ್ಟಿಕ್. ಪಿಯಾನೋ ಕಪ್ಪು ಎಂದು ಅದಕ್ಕೆ ದೊಡ್ಡ ಹೆಸರು. ಪಿಯಾನೋ ನುಡಿಸುವವರು ಮುಟ್ಟುವುದು ಅದರ ಕೀಲಿಗಳನ್ನು, ಕಪ್ಪು ಮೈಯನ್ನಲ್ಲ. ಕಾರಿನಲ್ಲಿ ದಿನಕ್ಕೆ ನೂರು ಸಲ ಬೆರಳು, ಬೀಗದ ಕೈ, ಮೊಬೈಲ್ ತಾಗುವ ಜಾಗಕ್ಕೇ ಹುಡುಕಿ ಅದನ್ನು ಕೂರಿಸಿದ ಮಹಾಶಯರು ಒಂದು ದಿನವಾದರೂ ಕಾರು ಒರೆಸಿದ್ದಾರೆಂದು ನನಗೆ ನಂಬಿಕೆಯಿಲ್ಲ.